ಹೊಸ ಫೋನ್, ಕಂತು ಮತ್ತು ಸಿಮ್: ಸಹಿ ಹಾಕುವ ಮೊದಲು ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಮಂಡಿಪೇಟೆ ಬಳಿಯ ಮೊಬೈಲ್ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಕೌಂಟರಿನಲ್ಲಿ ನಿಂತು ಫೋನ್ ಮಾರಿದೆ. ಈಗ ನಿಟುವಳ್ಳಿಯಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಮಾರುವುದನ್ನು ಬಿಟ್ಟ ಮೇಲೆ ಜನ ಹೆಚ್ಚು ನಂಬಿಕೆಯಿಂದ ಕೇಳತೊಡಗಿದರು: ಅಂಗಡಿಗೆ ಹೋಗುವ ಮೊದಲು ಒಮ್ಮೆ, ಹೋಗಿಬಂದ ಮೇಲೆ ಇನ್ನೊಮ್ಮೆ. ಹೊನ್ನಾಳಿ, ಜಗಳೂರು, ಚಳ್ಳಕೆರೆ, ಹೊಳಲ್ಕೆರೆ ಕಡೆಯಿಂದ ಬರೆದು ಕೇಳಿದವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ದರಗಳು ಬದಲಾಗುತ್ತವೆ. ಆದ್ದರಿಂದ ಇಲ್ಲಿನ ಅಂಕಿಗಿಂತ ಲೆಕ್ಕ ಹಾಕುವ ಕ್ರಮವನ್ನು ಹಿಡಿದುಕೊಳ್ಳಿ.

## ಮೊದಲ ತಿಳಿವಳಿಕೆ

"ಹೊರದೇಶದಲ್ಲಿ ಸಿಮ್ ಜೊತೆಗೇ ಫೋನ್ ಕೊಟ್ಟು ಎರಡು ವರ್ಷದ ಕರಾರು ಮಾಡಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಅದು ಏಕೆ ಇಲ್ಲ?"

ನಮ್ಮಲ್ಲೂ ಪ್ರಯತ್ನ ನಡೆದಿತ್ತು. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಕಟ್ಟಿಸಿಕೊಂಡು ಫೋನ್ ಕೈಗೆ ಕೊಟ್ಟು, ಉಳಿದದ್ದನ್ನು ತಿಂಗಳು ತಿಂಗಳು ವಸೂಲು ಮಾಡುವ ಯೋಜನೆ ತಂದಿತ್ತು. ಆ ಫೋನಿನಲ್ಲಿ ಬೇರೆ ಕಂಪನಿಯ ಸೇವೆ ನಡೆಯುತ್ತಿರಲಿಲ್ಲ. 2017ರಲ್ಲಿ ಬಂದ ಜಿಯೋಫೋನ್‌ಗೆ 1,500 ರೂಪಾಯಿ ಠೇವಣಿ ಇತ್ತು. ಮೂರು ವರ್ಷದ ನಂತರ ವಾಪಸು ಕೊಡುವ ಮಾತು. ಅದರಲ್ಲೂ ಬೇರೆ ಸಿಮ್ ಕೆಲಸ ಮಾಡುತ್ತಿರಲಿಲ್ಲ. ಆದರೆ ನಮ್ಮ ದೇಶದಲ್ಲಿ ಬಹುಪಾಲು ಜನ ಪ್ರಿಪೇಯ್ಡ್ ಬಳಕೆದಾರರು, ಬೇಕೆಂದಾಗ ಸಿಮ್ ಬದಲಿಸುವವರು. ಇಂತಹ ಕಡೆ ಎರಡು ವರ್ಷ ಕಟ್ಟಿಹಾಕುವ ಕರಾರು ಬೇರೂರಲಿಲ್ಲ.

ಹಾಗೆಂದು ನಾವು ಕರಾರಿಲ್ಲದೆ ಫೋನ್ ಕೊಳ್ಳುತ್ತಿದ್ದೇವೆ ಎಂದುಕೊಳ್ಳಬೇಡಿ. ಕರಾರು ಇದೆ, ಅದು ಸಿಮ್ ಕಂಪನಿಯ ಜೊತೆಗಲ್ಲ, ಫೈನಾನ್ಸ್ ಕಂಪನಿಯ ಜೊತೆಗೆ. ಅಂಗಡಿಯ ಮೂಲೆಯ ಮೇಜಿನಲ್ಲಿ ಕೂತ ಫೈನಾನ್ಸ್ ಹುಡುಗ ಆಧಾರ್ ಕೇಳಿ, ಮುಖದ ಫೋಟೋ ತೆಗೆದು, ಒಟಿಪಿ ಹೇಳಿಸಿಕೊಳ್ಳುತ್ತಾನಲ್ಲ, ಅದೇ ನಮ್ಮ ಕರಾರು. ಕಾಗದದ ಮೇಲೆ ಸಹಿಯೇ ಇರುವುದಿಲ್ಲವಾದ್ದರಿಂದ ಅನೇಕರಿಗೆ ತಾವು ಸಾಲ ಮಾಡಿದ್ದೇ ಮನಸ್ಸಿಗೆ ಬಂದಿರುವುದಿಲ್ಲ.

ಹೊಸ ಫೋನ್ ಕೊಳ್ಳುವಾಗ ನಾವು ಮಾಡುವುದು ಮೂರು ವ್ಯಾಪಾರ: ಫೋನಿನದೊಂದು, ಸಾಲದ್ದೊಂದು, ಸಿಮ್ಮಿನದೊಂದು. ಮೂರನ್ನೂ ಒಂದೇ ಕಂತಿನ ಅಂಕಿಯಾಗಿ ಹೆಣೆದು "ತಿಂಗಳಿಗೆ ಇಷ್ಟೇ" ಎಂದು ಹೇಳಿದಾಗ ಯಾವುದಕ್ಕೆ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ಚೌಕಾಸಿ ಮಾಡಿ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

"ಅಣ್ಣಾ, ಮೊದಲು ಫೋನ್ ಆರಿಸಬೇಕೋ, ಸಿಮ್ ಆರಿಸಬೇಕೋ?"

ಸಿಮ್. ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಮೂವತ್ತು ಸಾವಿರದ ಫೋನೂ ಒಂದೇ, ಮೂರು ಸಾವಿರದ ಫೋನೂ ಒಂದೇ.

ಪರೀಕ್ಷೆ ಮಾಡುವುದು ಸುಲಭ. ಅಕ್ಕಪಕ್ಕದವರಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರುವವರ ಫೋನ್ ಹತ್ತು ನಿಮಿಷ ಕೇಳಿ ಪಡೆಯಿರಿ. ಅಂಗಳದಲ್ಲಿ ನಿಂತು ನೋಡಬೇಡಿ, ಅಡುಗೆಮನೆಯಲ್ಲಿ ಮತ್ತು ಮಲಗುವ ಕೋಣೆಯಲ್ಲಿ ನೋಡಿ. ಹಗಲು ಹನ್ನೊಂದಕ್ಕೆ ಬೇಡ. ಓಣಿಯವರೆಲ್ಲ ವಿಡಿಯೊ ನೋಡುತ್ತಾ ಕೂರುವ ರಾತ್ರಿ ಎಂಟೂವರೆಗೆ ನೋಡಿ. ಕಡ್ಡಿ ಎಷ್ಟಿದೆ ಎಂಬುದಕ್ಕಿಂತ ಒಂದು ಕರೆ ಐದು ನಿಮಿಷ ಕಡಿಯದೆ ನಡೆಯಿತೇ ಎಂಬುದು ಮುಖ್ಯ. ರೈತರಾದರೆ ಪಂಪ್‌ಸೆಟ್ ಹತ್ತಿರವೂ ಒಮ್ಮೆ ಕರೆ ಮಾಡಿ ನೋಡಿ, ದಿನದ ಅರ್ಧ ಕಳೆಯುವುದು ಅಲ್ಲಿ ತಾನೆ? ಚನ್ನಗಿರಿ ಕಡೆಯ ದಟ್ಟ ಅಡಿಕೆ ತೋಟದೊಳಗೆ ಒಂದು ಲೆಕ್ಕ, ಚಳ್ಳಕೆರೆಯ ಬಯಲಿನಲ್ಲಿ ಇನ್ನೊಂದು ಲೆಕ್ಕ.

ಎಲ್ಲೆಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ಪ್ರತಿ ಕಂಪನಿಯೂ ತನ್ನ ಜಾಲತಾಣದಲ್ಲಿ ಹಾಕಬೇಕೆಂದು ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಟ್ರಾಯ್‌ನ ನಿಯಮವೇ ಇದೆ. ಅದನ್ನು ನೋಡಿ. ಆದರೆ ನಕ್ಷೆಗೆ ನಿಮ್ಮ ಮನೆಯ ಆರ್‌ಸಿಸಿ ಛಾವಣಿ ಗೊತ್ತಿರುವುದಿಲ್ಲ.

"ಪ್ರಿಪೇಯ್ಡ್ ಒಳ್ಳೆಯದೋ ಪೋಸ್ಟ್‌ಪೇಯ್ಡ್ ಒಳ್ಳೆಯದೋ?"

ನಮ್ಮ ಕಡೆಯ ಹೆಚ್ಚಿನವರಿಗೆ ಪ್ರಿಪೇಯ್ಡ್ ಸಾಕು. ಕಟ್ಟಿದಷ್ಟೇ ಖರ್ಚು, ಬೇಡವಾದಾಗ ನಿಲ್ಲಿಸಬಹುದು.

ಒಂದು ವಿಷಯ ಹಲವರ ಕಣ್ತಪ್ಪುತ್ತದೆ. ಪ್ರಿಪೇಯ್ಡ್ ದರದಲ್ಲಿ ಶೇ 18ರ ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡ್ ಜಾಹೀರಾತಿನ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. 449 ಎಂದು ಬರೆದ ಪೋಸ್ಟ್‌ಪೇಯ್ಡ್ ಯೋಜನೆಯ ಬಿಲ್ 529 ರೂಪಾಯಿ 82 ಪೈಸೆ ಬರುತ್ತದೆ. ಇವೆರಡನ್ನು ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಿ.

ಪೋಸ್ಟ್‌ಪೇಯ್ಡ್ ಯಾರಿಗೆ ಸರಿ? ಕಂಪನಿಯಿಂದ ಬಿಲ್ ಹಣ ವಾಪಸು ಸಿಗುವವರಿಗೆ, ರೀಚಾರ್ಜ್ ಮುಗಿದು ಕರೆ ನಿಂತರೆ ವ್ಯಾಪಾರವೇ ಕೆಡುವವರಿಗೆ, ಒಂದೇ ಬಿಲ್ಲಿನಲ್ಲಿ ಮನೆಯ ಮೂರು ನಾಲ್ಕು ಸಿಮ್ ನಡೆಸುವವರಿಗೆ. ಕುಟುಂಬದ ಯೋಜನೆ ತೆಗೆದುಕೊಂಡರೆ ಒಟ್ಟು ಮೊತ್ತವನ್ನು ತಲೆಗೆ ಭಾಗಿಸಿ ನೋಡಿ, ಕೆಲವೊಮ್ಮೆ ಪ್ರಿಪೇಯ್ಡ್‌ಗಿಂತ ಅಗ್ಗವಾಗುತ್ತದೆ.

"ತಿಂಗಳಿಗೊಂದು ರೀಚಾರ್ಜ್ ಎಂದುಕೊಂಡಿದ್ದೆ. ವರ್ಷಕ್ಕೆ ಹದಿಮೂರು ಸಲ ಹೇಗಾಯಿತು?"

ಪ್ಯಾಕ್ 28 ದಿನದ್ದು. 28ನ್ನು ಹದಿಮೂರರಿಂದ ಗುಣಿಸಿದರೆ 364. ಹೀಗೆ ವರ್ಷದಲ್ಲಿ ಒಂದು ರೀಚಾರ್ಜ್ ಹೆಚ್ಚಿಗೆ ಬೀಳುತ್ತದೆ. ಈ ದೂರು ಬಹಳ ಬಂದದ್ದರಿಂದ, ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಯಾಕ್ ಇಡಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವು ಕೇಳಿ.

ಕೈಯಲ್ಲಿ ಹಣವಿದ್ದಾಗ ಉದ್ದದ ಪ್ಯಾಕ್ ಲಾಭ. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 299 ಆಯಿತು, ಅದೇ ಡೇಟಾದ 84 ದಿನದ್ದು 799 ಆಯಿತು. ಮೂರು ಸಲ 299 ಎಂದರೆ 897. ಒಂದೇ ಸಲ ಕಟ್ಟಿದವರಿಗೆ 98 ರೂಪಾಯಿ ಉಳಿತಾಯ. ಇಂದಿನ ದರ ಏನೇ ಇರಲಿ, ಮೊತ್ತವನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ನೋಡಿ. ಮೆಕ್ಕೆಜೋಳ ಮಾರಿ ಹಣ ಬಂದಾಗ ಇಡೀ ವರ್ಷದ್ದನ್ನು ಹಾಕಿಸಿಬಿಡುವ ರೈತರು ನನಗೆ ಗೊತ್ತು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಸಿಗ್ನಲ್ ನಿಮ್ಮ ಊರಿನಲ್ಲಿ ಗಟ್ಟಿ ಎಂದು ಖಾತ್ರಿಯಾಗುವವರೆಗೆ ವರ್ಷದ ಪ್ಯಾಕ್ ಹಾಕಿಸಬೇಡಿ. ಕಂಪನಿ ಬದಲಿಸಿದರೆ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ.

"ಅಪ್ಪಾಜಿಗೆ ಬರೀ ಮಾತಾಡಿದರೆ ಸಾಕು. ಡೇಟಾಗೆ ಏಕೆ ದುಡ್ಡು ಕೊಡಬೇಕು?"

ಕೊಡಬೇಕಾಗಿಲ್ಲ. ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನೂ ಕಂಪನಿಗಳು ಇಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿತು. ಇಂತಹ ವಿಶೇಷ ಪ್ಯಾಕ್‌ಗಳ ಅವಧಿಯ ಮಿತಿಯೂ 90 ದಿನದಿಂದ 365 ದಿನಕ್ಕೆ ಏರಿತು. ಆ್ಯಪ್ ತೆರೆದಾಗ ಇವು ಮೊದಲ ಪರದೆಯಲ್ಲಿ ಕಾಣದೇ ಇರಬಹುದು, ಕೆಳಗೆ ಸರಿಸಿ ಹುಡುಕಿ. ಮನೆಯಲ್ಲಿ ಮಗನೋ ಸೊಸೆಯೋ ಹಾಟ್‌ಸ್ಪಾಟ್ ಕೊಡುವವರಿದ್ದರೆ ಹಿರಿಯರಿಗೆ ಇದು ಧಾರಾಳವಾಗಿ ಸಾಕು.

## ಅಂಗಡಿಯ ಕೌಂಟರಿನಲ್ಲಿ

"5ಜಿ ಫೋನನ್ನೇ ಕೊಳ್ಳಬೇಕೇ?"

ಮೂರು ನಾಲ್ಕು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಹೌದು. ದೇಶದಲ್ಲಿ 5ಜಿ ಆರಂಭವಾದದ್ದು 2022ರ ಅಕ್ಟೋಬರ್ 1ರಂದು, ಈಗ ಕಡಿಮೆ ಬೆಲೆಯ ಫೋನಿನಲ್ಲೂ ಅದು ಸಿಗುತ್ತದೆ.

ಆದರೆ ಪೆಟ್ಟಿಗೆಯ ಮೇಲೆ 5ಜಿ ಎಂದಿದ್ದರೆ ಸಾಲದು, ಯಾವ ಬ್ಯಾಂಡ್, ಅಂದರೆ ಸಿಗ್ನಲ್ಲಿನ ಯಾವ ಅಲೆಗಳನ್ನು ಫೋನ್ ಹಿಡಿಯುತ್ತದೆ ಎಂದು ನೋಡಬೇಕು. ಎನ್78 ಎಲ್ಲ ಕಡೆ ಬಳಕೆಯಲ್ಲಿರುವ ಬ್ಯಾಂಡ್. ಎನ್28 ಎಂದರೆ 700 ಮೆಗಾಹರ್ಟ್ಸ್. ಈ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. 2022ರ ತರಂಗಾಂತರ ಹರಾಜಿನಲ್ಲಿ ಅದನ್ನು ಕೊಂಡದ್ದು ಜಿಯೋ ಮಾತ್ರ. ಜಿಯೋ ಬಳಸುವ ಹಳ್ಳಿಯವರು ಎರಡೂ ಬ್ಯಾಂಡ್ ಇರುವ ಫೋನನ್ನೇ ಆರಿಸಿ. ಬಿಎಸ್‌ಎನ್‌ಎಲ್ ನಂಬಿರುವವರು 4ಜಿಯ 28ನೇ ಬ್ಯಾಂಡ್ ಇದೆಯೇ ನೋಡಬೇಕು, ಅವರ ಸ್ವದೇಶಿ 4ಜಿ ಆ 700ರಲ್ಲೂ ನಡೆಯುತ್ತದೆ. ಈ ವಿವರ ಫೋನ್ ಕಂಪನಿಯ ಜಾಲತಾಣದಲ್ಲಿ ಮಾದರಿಯ ಹೆಸರಿನ ಕೆಳಗೆ ಇರುತ್ತದೆ. ಕೌಂಟರಿನಲ್ಲೇ ತೆಗೆಸಿ ನೋಡಿ, ಸಂಕೋಚ ಬೇಡ.

ಇನ್ನೊಂದು ಮಾತು. ಮಿತಿಯಿಲ್ಲದ 5ಜಿ ಎಲ್ಲ ಪ್ಯಾಕ್‌ಗಳಲ್ಲೂ ಇರುವುದಿಲ್ಲ. 2024ರ ದರ ಏರಿಕೆಯ ನಂತರ ಅದನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಯಾಕ್‌ಗಳ ಕಡೆಗೆ ಸರಿಸಲಾಯಿತು. 5ಜಿ ಫೋನ್ ಕೊಂಡು ಒಂದೂವರೆ ಜಿಬಿ ಪ್ಯಾಕ್ ಹಾಕಿಸಿ "ಬರುತ್ತಿಲ್ಲವಲ್ಲ" ಎಂದು ನನ್ನ ಬಳಿ ರಿಪೇರಿಗೆ ತಂದವರು ಅನೇಕರು. ಫೋನಿಗೆ ಏನೂ ಆಗಿರಲಿಲ್ಲ.

"ಸರ್, ನೋ ಕಾಸ್ಟ್ ಇಎಂಐ ಎಂದರೆ ನಿಜವಾಗಿಯೂ ಬಡ್ಡಿ ಇಲ್ಲವೇ?"

ಇದೆ. ಎಲ್ಲಿ ಅಡಗಿದೆ ಎಂಬುದಷ್ಟೇ ಪ್ರಶ್ನೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಸಾಲ ಕೊಟ್ಟವರಿಗೆ ಬಡ್ಡಿ ಯಾರಾದರೂ ಕೊಟ್ಟೇ ಕೊಡುತ್ತಾರೆ: ಕೆಲವೊಮ್ಮೆ ಫೋನ್ ಕಂಪನಿ, ಕೆಲವೊಮ್ಮೆ ನೀವು, ರಿಯಾಯಿತಿ ಬಿಟ್ಟುಕೊಡುವ ಮೂಲಕ.

ಕಾಗದ ಪೆನ್ನು ತೆಗೆದುಕೊಳ್ಳಿ, ಒಂದು ಲೆಕ್ಕ ಹಾಕೋಣ. ಫೋನಿನ ಬೆಲೆ 18,000. ನಗದು ಕೊಟ್ಟರೆ ಅಂಗಡಿಯವನು 17,000ಕ್ಕೆ ಕೊಡುತ್ತಾನೆ. ಕಂತಿನಲ್ಲಾದರೆ ಆ ಸಾವಿರ ಬಿಡುವುದಿಲ್ಲ. ಮುಂಗಡ 6,000, ಸಂಸ್ಕರಣಾ ಶುಲ್ಕ 500, ಆಮೇಲೆ ತಿಂಗಳಿಗೆ 1,500ರಂತೆ ಎಂಟು ಕಂತು. ಬಾಯಲ್ಲಿ ಹೇಳುವಾಗ "ಹದಿನೆಂಟು ಸಾವಿರದ ಫೋನಿಗೆ ಹದಿನೆಂಟು ಸಾವಿರವೇ, ಬಡ್ಡಿ ಎಲ್ಲಿದೆ" ಎಂದು ಕಾಣುತ್ತದೆ.

ಈಗ ನಗದು ಬೆಲೆಯಿಂದ ನೋಡಿ. 17,000ದ ಫೋನಿಗೆ ಮೊದಲ ದಿನ ನಿಮ್ಮ ಕೈಯಿಂದ 6,500 ಹೋಯಿತು. ನಿಜವಾಗಿ ನೀವು ಪಡೆದ ಸಾಲ 10,500. ತೀರಿಸುವುದು 12,000. ಹೆಚ್ಚಿಗೆ ಹೋದದ್ದು 1,500. "ಎಂಟು ತಿಂಗಳಿಗೆ ಸಾವಿರದೈನೂರು ತಾನೆ" ಎನ್ನಬೇಡಿ, ಏಕೆಂದರೆ ಪ್ರತಿ ತಿಂಗಳು ಅಸಲು ಕರಗುತ್ತಾ ಹೋಗುತ್ತದೆ. ಇಡೀ 10,500 ನಿಮ್ಮ ಬಳಿ ಇದ್ದದ್ದು ಮೊದಲ ತಿಂಗಳು ಮಾತ್ರ. ಹಾಗೆ ಲೆಕ್ಕ ಕಟ್ಟಿದರೆ ತಿಂಗಳಿಗೆ ಶೇ 3ಕ್ಕಿಂತ ತುಸು ಮೇಲೆ ಬರುತ್ತದೆ, ವರ್ಷಕ್ಕೆ ಸುಮಾರು ಶೇ 37.

ನಮ್ಮ ಕಡೆ ಇದಕ್ಕೆ "ಮೂರು ರೂಪಾಯಿ ಬಡ್ಡಿ" ಎನ್ನುತ್ತಾರೆ. ಕೈಸಾಲಕ್ಕೆ ಯಾರಾದರೂ ಮೂರು ರೂಪಾಯಿ ಬಡ್ಡಿ ಕೇಳಿದರೆ ಕಟ್ಟೆಯ ಮೇಲೆ ಕೂತವರೆಲ್ಲ "ಇದೇನು ಅನ್ಯಾಯ" ಎನ್ನುತ್ತಾರೆ. ಅದೇ ಬಡ್ಡಿ ಹೊಳೆಯುವ ಅಂಗಡಿಯಲ್ಲಿ "ನೋ ಕಾಸ್ಟ್" ಎಂಬ ಹೆಸರಿನಲ್ಲಿ ಬಂದಾಗ ಸಿಹಿ ಹಂಚಿ ಫೋಟೋ ತೆಗೆಸಿಕೊಂಡು ಬರುತ್ತೇವೆ. ನಾನೂ ಆ ಕೌಂಟರಿನಲ್ಲಿ ನಿಂತು "ಬಡ್ಡಿ ಇಲ್ಲ, ಅಕ್ಕ" ಎಂದು ನೂರಾರು ಜನರಿಗೆ ಹೇಳಿದ್ದೇನೆ. ಈ ಲೆಕ್ಕವನ್ನು ಆಗ ಕೂತು ಹಾಕಿರಲಿಲ್ಲ. ಈಗ ಕೇಳಿದವರಿಗೆಲ್ಲ ಬರೆದುಕೊಡುವುದು ಅದಕ್ಕೇ.

ಎಲ್ಲ ನೋ ಕಾಸ್ಟ್ ಕಂತೂ ಇಷ್ಟು ದುಬಾರಿ ಅಲ್ಲ. ನಗದಿಗೂ ಕಂತಿಗೂ ಒಂದೇ ಬೆಲೆ, ಶುಲ್ಕವೂ ಇಲ್ಲ ಎಂದಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮ ತಲೆಗೆ ಬರುತ್ತದೆ ಎಂಬುದು ನೆನಪಿರಲಿ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಕಂತು ಎಷ್ಟು" ಎಂದಲ್ಲ. "ಈಗಲೇ ಪೂರ್ತಿ ನಗದು ಕೊಟ್ಟರೆ ಕೊನೆಯ ಬೆಲೆ ಎಷ್ಟು?" ಎಂದು ಕೇಳಿ. ಆ ಅಂಕಿ ಕೈಗೆ ಬರುವವರೆಗೆ ಕಂತಿನ ಸುದ್ದಿ ಎತ್ತಬೇಡಿ.

"ಹಳೇ ಫೋನ್ ಎಕ್ಸ್‌ಚೇಂಜ್ ಮಾಡಿದರೆ ಲಾಭವೇ?"

ಮೊದಲು ಎಕ್ಸ್‌ಚೇಂಜ್ ಇಲ್ಲದ ಬೆಲೆ ಕೇಳಿ, ಆಮೇಲೆ ಹಳೇ ಫೋನನ್ನು ಮೇಜಿನ ಮೇಲೆ ಇಡಿ. ಉಲ್ಟಾ ಮಾಡಿದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಳೆದುಕೊಳ್ಳುತ್ತೀರಿ. ಕೊಡುವ ಮೊದಲು ಗೂಗಲ್ ಖಾತೆ ತೆಗೆದು, ಪೂರ್ತಿ ಅಳಿಸಿ ಕೊಡಿ. ಫೋನ್‌ಪೇ, ಬ್ಯಾಂಕ್ ಆ್ಯಪ್‌ಗಳು ಹೊಸ ಫೋನಿನಲ್ಲಿ ಚಾಲೂ ಆದ ಮೇಲೆಯೇ ಹಳೆಯದನ್ನು ಕೈಬಿಡಿ.

## ಸಾಲಕ್ಕೆ ಒಪ್ಪುವ ಹೊತ್ತಿನಲ್ಲಿ

"ಎಲ್ಲವೂ ಮೊಬೈಲಿನಲ್ಲೇ ಆಗಿಹೋಗುತ್ತದೆ. ನಾನು ಯಾವ ಕಾಗದ ಕೇಳಬೇಕು?"

ಕೆಎಫ್‌ಎಸ್ ಕೇಳಿ. ಸಾಲದ ಮುಖ್ಯ ಅಂಶಗಳನ್ನು ಒಂದೆಡೆ ಬರೆದ ಪತ್ರ ಅದು. 2024ರ ಅಕ್ಟೋಬರ್ 1ರಿಂದ ಕೊಡುವ ಎಲ್ಲ ಚಿಲ್ಲರೆ ಸಾಲಗಳಿಗೂ ಇದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ, ಮತ್ತು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದೂ ಹೇಳಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು, ಯಾರದೋ ಉಪಕಾರವಲ್ಲ.

ಆ ಪತ್ರದಲ್ಲಿ ಎಪಿಆರ್ ಎಂಬ ಒಂದು ಸಾಲು ಇರುತ್ತದೆ. ಬಡ್ಡಿ ಮತ್ತು ಶುಲ್ಕ ಎರಡೂ ಸೇರಿದ ವಾರ್ಷಿಕ ದರ ಅದು. ಮೊದಲು ಕಣ್ಣು ಹಾಕಬೇಕಾದ್ದು ಅಲ್ಲಿ. ಪತ್ರದಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಡಿಜಿಟಲ್ ಸಾಲಗಳಲ್ಲಿ ಮನಸ್ಸು ಬದಲಿಸಲು ಕನಿಷ್ಠ ಒಂದು ದಿನದ ಅವಕಾಶ ಇರಬೇಕು. ಆ ಅವಧಿಯೊಳಗೆ ಅಸಲನ್ನೂ ಅಷ್ಟು ದಿನದ ದರವನ್ನೂ ಕಟ್ಟಿ ದಂಡವಿಲ್ಲದೆ ಹೊರಬರಬಹುದು.

ಒಟಿಪಿ ಬಂದಾಗ ಫೋನನ್ನು ಹುಡುಗನ ಕೈಗೆ ಕೊಟ್ಟು ಕೂರಬೇಡಿ. ಸಂದೇಶವನ್ನು ಪೂರ್ತಿ ಓದಿ. ಒಂದು ಒಟಿಪಿ ಸಾಲಕ್ಕೆ, ಇನ್ನೊಂದು ಬ್ಯಾಂಕಿನಿಂದ ತಾನಾಗಿ ಹಣ ಕಡಿತವಾಗುವ ಅನುಮತಿಗೆ, ಮೂರನೆಯದು ನೀವು ಕೇಳದೇ ಇರುವ ಯಾವುದೋ ಕಾರ್ಡಿಗೆ ಆಗಿರಬಹುದು.

"ಕಂತು ಮುಗಿದಿದೆ, ಆದರೂ ಖಾತೆಯಿಂದ ಹಣ ಹೋಗುತ್ತಿದೆ. ಏನಿದು?"

ಕಳೆದ ಬೇಸಿಗೆಯಲ್ಲಿ ಜಗಳೂರು ಕಡೆಯ ಅಜ್ಜಿಯೊಬ್ಬರು ಇದೇ ಪ್ರಶ್ನೆ ಹಿಡಿದು ನಮ್ಮ ಅಂಗಡಿಗೆ ಬಂದಿದ್ದರು. ಎಲೆಅಡಿಕೆ ಸಂಚಿಯಿಂದ ಎಂಟು ಮಡಿಕೆ ಮಾಡಿದ ಕಾಗದ ತೆಗೆದರು. ಮಡಿಕೆಯ ಗೆರೆಗಳಲ್ಲಿ ಅಕ್ಷರ ಸವೆದುಹೋಗಿತ್ತು, ಒಂದು ಮೂಲೆಗೆ ಸುಣ್ಣ ಮೆತ್ತಿತ್ತು. ಬಿಡಿಸಿ ಬೆಳಕಿಗೆ ಹಿಡಿದು ಓದಿದೆ. ಫೋನಿನ ಸಾಲದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೆರಡು ಸಾಲು: ಪರದೆ ಒಡೆದರೆ ಸಿಗುವ ವಿಮೆ ಒಂದು, ಆರೋಗ್ಯದ ಸದಸ್ಯತ್ವ ಒಂದು. ಎರಡೂ ತಾನಾಗಿ ನವೀಕರಣ ಆಗುವಂಥವು. ಮೊಮ್ಮಗನಿಗೆ ಫೋನ್ ಕೊಡಿಸಲು ಹೋದ ಅವರಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. "ನಾನು ಫೋನ್ ಒಂದೇ ಕೇಳಿದ್ದು ಮಗಾ" ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬ್ಯಾಂಕಿಗೆ ಹೋಗಿ ಆ ಕಡಿತದ ಅನುಮತಿಯನ್ನು ರದ್ದು ಮಾಡಿಸಿದೆವು. ಜೊತೆಗೆ ಸಾಲ ಕೊಟ್ಟವರಿಗೂ ಲಿಖಿತವಾಗಿ ತಿಳಿಸಿದೆವು. ನಿಮಗೂ ಹೀಗಾಗಿದ್ದರೆ ಎರಡನ್ನೂ ಮಾಡಿ. ಇನ್ನೂ ಸಾಲ ಮಾಡದಿದ್ದವರು, ಸಾಲದ ಮೊತ್ತವು ಫೋನಿನ ಬೆಲೆಯಿಂದ ಮುಂಗಡ ಕಳೆದಷ್ಟೇ ಇದೆಯೇ ನೋಡಿ. ಒಂದು ರೂಪಾಯಿ ಹೆಚ್ಚಿದ್ದರೂ ಅದು ಯಾವುದರದ್ದು ಎಂದು ಕೇಳಿ. "ಇದು ಕಡ್ಡಾಯ" ಎಂದರೆ ಹಾಗೆಂದು ಬರೆದುಕೊಡಲು ಹೇಳಿ. ಬರೆದುಕೊಟ್ಟವರನ್ನು ನಾನು ಇದುವರೆಗೆ ನೋಡಿಲ್ಲ.

"ಗೆಳೆಯನ ಸಿಬಿಲ್ ಸರಿ ಇಲ್ಲವಂತೆ. ನನ್ನ ಆಧಾರ್ ಮೇಲೆ ಅವನಿಗೆ ಫೋನ್ ಕೊಡಿಸಲೇ?"

ಬೇಡ. ಕಂತು ತಪ್ಪಿದರೆ ಕರೆ ಬರುವುದು ನಿಮಗೆ, ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಕೆಡುವುದು ನಿಮ್ಮದು, ನಾಳೆ ಮನೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಬ್ಯಾಂಕಿಗೆ ಹೋದಾಗ ತಲೆ ತಗ್ಗಿಸುವುದೂ ನೀವೇ. ಹಾಸ್ಟೆಲಿನ ಹುಡುಗರು ಈ ಪ್ರಶ್ನೆ ಕೇಳಿದಾಗ ನಾನು ಕಟುವಾಗಿಯೇ ಹೇಳುತ್ತೇನೆ. ಸಿಮ್ ವಿಷಯದಲ್ಲೂ ಅಷ್ಟೇ. ಒಬ್ಬರ ಹೆಸರಿನಲ್ಲಿ ಗರಿಷ್ಠ ಒಂಬತ್ತು ಸಿಮ್ ಇರಬಹುದು. ನಿಮ್ಮ ಹೆಸರಿನಲ್ಲಿ ಎಷ್ಟಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ಗೊತ್ತಿಲ್ಲದ ಸಂಖ್ಯೆ ಕಂಡರೆ ಅಲ್ಲೇ ದೂರು ಕೊಡಿ.

"ಈ ಸಲ ಮಳೆ ಕೈಕೊಟ್ಟಿತು, ಒಂದು ಕಂತು ತಪ್ಪುತ್ತದೆ. ಏನಾಗಬಹುದು?"

ತಾರೀಖಿನ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ಎರಡು ಕಡೆ ಪೆಟ್ಟು: ಬ್ಯಾಂಕಿನದೊಂದು ಶುಲ್ಕ, ಸಾಲ ಕೊಟ್ಟವರದೊಂದು ದಂಡ. ಆದ್ದರಿಂದ ತಾರೀಖಿಗೆ ಮೊದಲೇ ಸಾಲದ ಕಂಪನಿಗೆ ಕರೆ ಮಾಡಿ, ದಿನ ಮುಂದೂಡಲು ಸಾಧ್ಯವೇ ಕೇಳಿ. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ ಹೇಳಿ ಮರ್ಯಾದೆ ಕಳೆಯುವಂತಿಲ್ಲ.

ಕೆಲವು ಸಾಲದಾತರು ಕಂತು ತಪ್ಪಿದಾಗ ದೂರದಿಂದಲೇ ಫೋನನ್ನು ಲಾಕ್ ಮಾಡುವ ಆ್ಯಪ್ ಹಾಕಿಸುತ್ತಾರೆ. ರಿಪೇರಿ ಅಂಗಡಿಯಲ್ಲಿ ಅದನ್ನು ತೆಗೆಸಲು ನೋಡಬೇಡಿ. ಕೊಳ್ಳುವ ದಿನವೇ "ಲಾಕ್ ಆ್ಯಪ್ ಇದೆಯೇ, ಸಾಲ ತೀರಿದ ಮೇಲೆ ಯಾರು ತೆಗೆಯುತ್ತಾರೆ" ಎಂದು ಕೇಳಿಟ್ಟುಕೊಳ್ಳಿ.

## ಇನ್ನೂ ಸ್ವಲ್ಪ ಆಳಕ್ಕೆ

"ಕಂತು ನಡೆಯುತ್ತಿರುವಾಗ ಸಿಮ್ ಕಂಪನಿ ಬದಲಿಸಬಹುದೇ? ನಂಬರ್ ಉಳಿಯುತ್ತದೆಯೇ?"

ಸಾಲ ಫೈನಾನ್ಸ್ ಕಂಪನಿಯದಾದರೆ ಸಿಮ್ಮಿಗೂ ಅದಕ್ಕೂ ಸಂಬಂಧವಿಲ್ಲ, ಧಾರಾಳವಾಗಿ ಬದಲಿಸಿ. ಸಿಮ್ ಕಂಪನಿಯ ಕೊಡುಗೆಯಲ್ಲಿ ಕೊಂಡ ಫೋನಾದರೆ ಮಾತ್ರ "ಇಷ್ಟು ತಿಂಗಳು ನಮ್ಮದೇ ರೀಚಾರ್ಜ್" ಎಂಬ ಷರತ್ತಿದೆಯೇ ನೋಡಿ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. ಈಗಿನ ಕ್ರಮ ಹೀಗಿದೆ: ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ಸಂಖ್ಯೆ ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಎಂಟು ಅಕ್ಷರದ ಕೋಡ್ ನಾಲ್ಕು ದಿನ ನಡೆಯುತ್ತದೆ. ಅದನ್ನು ಆಧಾರ್ ಜೊತೆ ಹೊಸ ಕಂಪನಿಯ ಮಳಿಗೆಗೆ ಒಯ್ದರೆ, ಕರ್ನಾಟಕ ಟೆಲಿಕಾಂ ವೃತ್ತದೊಳಗೆ ಮೂರು ಕೆಲಸದ ದಿನಗಳಲ್ಲಿ ಬದಲಾಗುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಕಳೆದು ಹೊಸದು ಪಡೆದಿದ್ದರೆ 7 ದಿನ ಕಾಯಬೇಕು. ಮೋಸಗಾರರು ನಕಲಿ ಸಿಮ್ ಪಡೆದು ಕೂಡಲೇ ಪೋರ್ಟ್ ಮಾಡುವುದನ್ನು ತಡೆಯಲು 2024ರ ಜುಲೈ 1ರಿಂದ ಬಂದ ನಿಯಮ ಅದು. ಪ್ಯಾಕ್ ಮುಗಿಯಲು ವಾರವಿರುವಾಗ ಶುರು ಮಾಡಿದರೆ ಹಣ ಪೋಲಾಗುವುದಿಲ್ಲ.

"ಮಗ ಅಮೆರಿಕದಿಂದ ಐಫೋನ್ ತರುತ್ತೇನೆ ಎನ್ನುತ್ತಾನೆ. ಇಲ್ಲಿ ನಡೆಯುತ್ತದೆಯೇ?"

ಅಲ್ಲಿನ ಸಿಮ್ ಕಂಪನಿಯ ಕರಾರಿನಲ್ಲಿ ಕೊಂಡಿದ್ದರೆ, ಪೂರ್ತಿ ಹಣ ತೀರುವವರೆಗೆ ಅದು ಆ ಕಂಪನಿಗೇ ಲಾಕ್ ಆಗಿರಬಹುದು. ತರುವ ಮೊದಲು ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕ್ಯಾರಿಯರ್ ಲಾಕ್ ಎಂಬಲ್ಲಿ ನಿರ್ಬಂಧವಿಲ್ಲ ಎಂದು ಇದೆಯೇ ನೋಡಿಸಿ. ಇನ್ನೊಂದು ತೊಡಕು: ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಕೂತಿರುವ ಇ-ಸಿಮ್ ಮಾತ್ರ. ಜಿಯೋ, ಏರ್‌ಟೆಲ್, ವಿಐ ಮೂರರಲ್ಲೂ ಇ-ಸಿಮ್ ಸಿಗುತ್ತದೆ. ಆದರೆ ಫೋನ್ ಕೆಟ್ಟರೆ ಸಿಮ್ ತೆಗೆದು ಪಕ್ಕದ ಫೋನಿಗೆ ಹಾಕುವ ಸುಲಭ ಇರುವುದಿಲ್ಲ. ಹಳ್ಳಿಯಲ್ಲಿರುವ ತಂದೆ ತಾಯಿಗೆ ಅದು ಕಷ್ಟ. ಅವರಿಗೆ ಇಲ್ಲಿಯದನ್ನೇ ಕೊಡಿಸಿ.

"ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗ ಅದು ಕಳವಿನದಲ್ಲ ಎಂದು ತಿಳಿಯುವುದು ಹೇಗೆ?"

ಡಯಲ್ ಮಾಡುವಲ್ಲಿ *#06# ಒತ್ತಿ. ಬರುವ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬಿಲ್ಲಿನ ಮೇಲೂ ಪೆಟ್ಟಿಗೆಯ ಮೇಲೂ ಅದೇ ಇರಬೇಕು. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಫೋನಿನ ವಿವರ ಬರುತ್ತದೆ. ಬ್ಲಾಕ್ ಆಗಿದ್ದರೆ ಕೊಳ್ಳಬೇಡಿ. ಬಿಲ್ ಇಲ್ಲ ಎಂದರೂ ಕೊಳ್ಳಬೇಡಿ. ನಿಮ್ಮದೇ ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಬಹುದು. ಆದರೆ ಕಂತು ಮಾತ್ರ ನಡೆಯುತ್ತಲೇ ಇರುತ್ತದೆ, ಫೋನ್ ಹೋಯಿತೆಂದು ಸಾಲ ಹೋಗುವುದಿಲ್ಲ.

"ಮೋಸವಾಗಿದೆ. ಯಾರ ಹತ್ತಿರ ಹೋಗಲಿ?"

ಯಾವ ವ್ಯಾಪಾರದಲ್ಲಿ ಮೋಸವಾಯಿತೋ ಆ ದಾರಿ.

ಸಿಮ್, ರೀಚಾರ್ಜ್, ಬಿಲ್ ವಿಷಯವಾದರೆ ಮೊದಲು ನಿಮ್ಮ ಸಿಮ್ ಕಂಪನಿಯ ದೂರಿನ ಸಂಖ್ಯೆ 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಪರಿಹಾರ ತೃಪ್ತಿ ಕೊಡದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಸಾಲದ ವಿಷಯವಾದರೆ ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448.

ಫೋನಿನದೇ ದೋಷವಾದರೆ, ಅಥವಾ ಮೇಲಿನ ದಾರಿಗಳಲ್ಲಿ ನ್ಯಾಯ ಸಿಗದಿದ್ದರೆ, ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. 5 ಲಕ್ಷದವರೆಗಿನ ವಸ್ತು, ಸೇವೆಗೆ ದೂರಿನ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಹೋಗಬೇಕು. "ಟೆಲಿಕಾಂ ದೂರು ಇಲ್ಲಿ ನಡೆಯುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಷ್ಟಕ್ಕೇ ಬಗೆಹರಿದ ಪ್ರಕರಣಗಳನ್ನು ನಾನೇ ಕಂಡಿದ್ದೇನೆ.

"ಕೊನೆಯ ಕಂತು ಕಟ್ಟಿದೆ. ಇನ್ನೇನಾದರೂ ಮಾಡುವುದಿದೆಯೇ?"

ಇದೆ. ಸಾಲ ತೀರಿದೆ ಎಂಬ ಪತ್ರ, ಅಂದರೆ ಎನ್‌ಒಸಿ ಪಡೆಯಿರಿ. ಬ್ಯಾಂಕಿನಲ್ಲಿ ತಾನಾಗಿ ಹಣ ಕಡಿತವಾಗುವ ಅನುಮತಿ ನಿಂತಿದೆಯೇ ವಿಚಾರಿಸಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು ಆ ಸಾಲದ ಮುಂದೆ ಮುಕ್ತಾಯ ಎಂದು ಬಂದಿದೆಯೇ ನೋಡಿ. ಸಿಬಿಲ್‌ನಂತೆ ಸಾಲದ ವರದಿ ಕೊಡುವ ಪ್ರತಿ ಸಂಸ್ಥೆಯಿಂದ ವರ್ಷಕ್ಕೆ ಒಂದು ಪೂರ್ಣ ವರದಿ ಉಚಿತ.

ಬಿಲ್ಲಿನದೊಂದು ಮಾತು. ಅಂಗಡಿಯ ಯಂತ್ರದಿಂದ ಬರುವ ಆ ನುಣುಪು ಕಾಗದದ ಅಕ್ಷರ ನಮ್ಮ ಊರಿನ ಒಂದು ಬೇಸಿಗೆಗೇ ಮಾಸಿಹೋಗುತ್ತದೆ. ವಾರಂಟಿಗೆಂದು ಪೂರ್ತಿ ಬಿಳಿಯಾದ ಚೀಟಿ ಹಿಡಿದು ಬಂದವರನ್ನು ವಾಪಸು ಕಳಿಸುವಾಗ ಹೊಟ್ಟೆ ಉರಿಯುತ್ತದೆ. ಕೊಂಡ ದಿನವೇ ಬಿಲ್ಲಿನ ಫೋಟೋ ತೆಗೆದು ಮನೆಯವರ ಇನ್ನೊಂದು ಫೋನಿಗೆ ಕಳಿಸಿಡಿ, ಅದರಲ್ಲಿ ಐಎಂಇಐ ಸಂಖ್ಯೆ ಸ್ಪಷ್ಟವಾಗಿ ಕಾಣುವಂತಿರಲಿ.